ಹಬ್ಬದ ತಿಂಗಳುಗಳಲ್ಲಿ ಮನಸ್ಸಿನ ಭಾರ

ದೀಪಾವಳಿಯ ಹಣತೆಗಳು ಆರಿದ ಮೇಲೂ ನಮ್ಮ ಸೀಮೆಯಲ್ಲಿ ಹಬ್ಬಗಳ ಸಾಲು ನಿಲ್ಲುವುದಿಲ್ಲ. ಗೌರಿ ಹುಣ್ಣಿಮೆಯ ಸಕ್ಕರೆ ಆರತಿ, ಎಳ್ಳಮಾವಾಸ್ಯೆಯ ಚರಗ, ಸಂಕ್ರಾಂತಿಯ ಹೊಳೆಸ್ನಾನ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ತೇರು ಹೀಗೆ ಒಂದರ ಬೆನ್ನಿಗೆ ಇನ್ನೊಂದು ಬರುತ್ತದೆ. ನಡುನಡುವೆ ಮದುವೆ, ಗೃಹಪ್ರವೇಶ, ಬೀಗರ ಊರಿನ ಜಾತ್ರೆ. ಪುಣೆ, ಬೆಂಗಳೂರುಗಳಲ್ಲಿ ನೌಕರಿಗಿರುವ ಮಕ್ಕಳು ರಜೆ ಹಾಕಿ ಊರಿಗೆ ಬರುವುದೂ ಇದೇ ದಿನಗಳಲ್ಲಿ. ಮನೆ ತುಂಬಿರುತ್ತದೆ, ಒಲೆ ಆರುವುದಿಲ್ಲ.

ಇದೇ ತಿಂಗಳುಗಳು ನಮ್ಮ ದುಡಿಮೆಯ ಅತ್ಯಂತ ಬಿಗಿಯಾದ ತಿಂಗಳುಗಳೂ ಹೌದು. ಜಮಖಂಡಿ, ಮುಧೋಳ, ಬೀಳಗಿ ಭಾಗದಲ್ಲಿ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮು ಇದು. ಕಟಾವಿನ ಪಾಳಿ ಎಂದು ಬರುವುದೋ, ಗ್ಯಾಂಗಿನವರು ಯಾವಾಗ ಹೊಲಕ್ಕೆ ಇಳಿಯುವರೋ, ಬಿಲ್ಲು ಯಾವಾಗ ಕೈಸೇರುವುದೋ ಎಂಬ ಲೆಕ್ಕದಲ್ಲಿ ರೈತನ ದಿನ ಸಾಗುತ್ತದೆ. ಬಲಿತ ಕಬ್ಬು ಕಟಾವಾಗದೆ ನಿಂತಷ್ಟೂ ತೂಕ ಇಳಿಯುತ್ತದೆ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಚಳಿಯಲ್ಲಿಯೇ ನೀರು ಹಾಯಿಸಲು ಹೋಗಬೇಕು. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಮದುವೆಯ ಸೀರೆಗಳ ಬೇಡಿಕೆಯಿದ್ದಾಗ ಮಗ್ಗ ನಿಲ್ಲುವುದಿಲ್ಲ, ಬೇಡಿಕೆಯಿಲ್ಲದಾಗ ಮಾಲೀಕನಿಂದ ಪಡೆದ ಮುಂಗಡದ ಬಾಕಿ ತಲೆಯ ಮೇಲಿರುತ್ತದೆ.

ಹಬ್ಬವೂ ದುಡಿಮೆಯೂ ಒಂದೇ ಸಮಯಕ್ಕೆ ಬಂದು ಕೂಡುವುದರಿಂದ ಉಂಟಾಗುವ ಒತ್ತಡವನ್ನು ಕುರಿತು ನಾವು ಮಾತನಾಡುವುದು ಕಡಿಮೆ. ತಲೆನೋವು, ಎದೆಯುರಿ, ಬೆನ್ನುನೋವು, ಕೈಕಾಲು ಹರಿತ, ನಿದ್ರೆಯಿಲ್ಲದಿರುವಿಕೆ ಇವುಗಳನ್ನು ಹೇಳಿಕೊಂಡು ವೈದ್ಯರ ಬಳಿಗೆ ಹೋಗುತ್ತೇವೆ. “ನನ್ನ ಮನಸ್ಸು ಸೋತಿದೆ” ಎಂದು ಹೇಳಿಕೊಂಡು ಹೋಗುವವರು ವಿರಳ. ಹೇಳಿದರೂ ಮನೆಯವರಿಂದ ಬರುವ ಉತ್ತರ ಸಿದ್ಧವಾಗಿಯೇ ಇರುತ್ತದೆ: “ಮನಸು ಗಟ್ಟಿ ಮಾಡ್ಕೋ, ಹಬ್ಬದಾಗ ಇದೇನು ಹಚ್ಚೀದಿ?” ಪ್ರೀತಿಯಿಂದ ಆಡಿದ ಮಾತೇ ಆದರೂ ಅದು ಹೇಳುವವರ ಬಾಯಿ ಮುಚ್ಚಿಸುತ್ತದೆ.

ಒತ್ತಡವೆಂಬುದು ಮನೋದೌರ್ಬಲ್ಯವಲ್ಲ, ಅದು ಮೊದಲಿಗೆ ಶರೀರದ ಕ್ರಿಯೆ. ಎದುರಿಗೆ ಹಾವು ಕಂಡಾಗ ಎದೆ ಹೊಡೆದುಕೊಳ್ಳುವುದು, ಉಸಿರು ಬಿರುಸಾಗುವುದು, ಸ್ನಾಯುಗಳು ಬಿಗಿಯುವುದು ನಮ್ಮನ್ನು ಕಾಪಾಡಲೆಂದೇ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸೋಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಹಾವು ಸರಿದುಹೋದ ಸ್ವಲ್ಪ ಹೊತ್ತಿಗೆ ಎಲ್ಲವೂ ಮೊದಲಿನಂತಾಗುತ್ತದೆ. ಆದರೆ ಬಾರದ ಬಿಲ್ಲು, ವಾರದ ಕಂತು, ಬೀಗರ ಮಾತು ಇವು ಸರಿದುಹೋಗುವ ಹಾವುಗಳಲ್ಲ. ಶರೀರವು ವಾರಗಟ್ಟಲೆ ಅದೇ ಎಚ್ಚರದಲ್ಲಿ ಉಳಿದುಬಿಡುತ್ತದೆ. ಆಗ ರಕ್ತದೊತ್ತಡವೂ ರಕ್ತದ ಸಕ್ಕರೆಯೂ ಏರುತ್ತವೆ, ಜೀರ್ಣಶಕ್ತಿ ಕುಂದುತ್ತದೆ, ನಿದ್ರೆ ತೆಳುವಾಗುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ.

ಚಳಿಗಾಲದಲ್ಲಿ ಮಂಕು ಕವಿಯುವುದು ಬೆಳಕಿನ ಕೊರತೆಯಿಂದ ಎಂದು ಕೆಲವರು ಓದಿರಬಹುದು. ಅದು ಬಹುಮಟ್ಟಿಗೆ ಉತ್ತರದ ದೇಶಗಳ ಮಾತು. ಲಂಡನ್ ನಗರದಲ್ಲಿ ಡಿಸೆಂಬರ್ ಕೊನೆಯ ವಾರದ ಹಗಲು 8 ಗಂಟೆಗೂ ಕಡಿಮೆ. ನಮ್ಮಲ್ಲಿ ವರ್ಷದ ಅತಿ ಕಿರಿದಾದ ಹಗಲೂ 11 ಗಂಟೆಗೆ ಇಳಿಯುವುದಿಲ್ಲ. ಹೊರದೇಶದಲ್ಲಿರುವ ನಮ್ಮ ಮಕ್ಕಳು “ಯಾಕೋ ಬೇಸರ” ಎಂದು ಫೋನಿನಲ್ಲಿ ಅಂದರೆ ಮುಂಜಾನೆಯ ಬೆಳಕಿನಲ್ಲಿ ನಡೆದಾಡಲು ಹೇಳುವುದು ಯೋಗ್ಯ. ಇಲ್ಲಿ ನಮಗೆ ಕಡಿಮೆಯಾಗಿರುವುದು ಬೆಳಕಲ್ಲ, ನಿದ್ರೆ.

ನಿದ್ರೆಯ ವಿಷಯವನ್ನು ತುಸು ವಿಸ್ತರಿಸಿ ಹೇಳಬೇಕು, ಏಕೆಂದರೆ ಉಳಿದೆಲ್ಲ ಉಪಾಯಗಳು ಅದರ ಮೇಲೆ ನಿಂತಿವೆ. ವಯಸ್ಕರಿಗೆ ದಿನಕ್ಕೆ 7 ಗಂಟೆಯ ನಿದ್ರೆ ಬೇಕು. ಹಬ್ಬದ ಮುನ್ನಾದಿನ ನಡುರಾತ್ರಿಯವರೆಗೆ ಹೋಳಿಗೆ ಮಾಡಿ, ನಸುಕಿನ 4 ಗಂಟೆಗೆ ಎದ್ದು ಅಂಗಳ ಸಾರಿಸುವ ತಾಯಂದಿರಿಗೆ ಅಷ್ಟು ಸಿಗುವುದಿಲ್ಲ. ರಾತ್ರಿ ನೀರು ಹಾಯಿಸುವವರು, ಟ್ರ್ಯಾಕ್ಟರ್ ಓಡಿಸುವವರು ಹಗಲು ಮಲಗಬೇಕೆಂದರೆ ಮನೆತುಂಬ ಬಂಧುಬಳಗ. ರಾತ್ರಿ ದುಡಿದವರಿಗೆ ಹಗಲಿನಲ್ಲಿ ಕತ್ತಲೆಯ ಒಂದು ಕೋಣೆಯನ್ನು, ಯಾರೂ ಎಬ್ಬಿಸದ ನಾಲ್ಕೈದು ಗಂಟೆಗಳನ್ನು ಬಿಟ್ಟುಕೊಡುವುದು ಮನೆಯವರ ಕರ್ತವ್ಯವೆಂದೇ ತಿಳಿಯಬೇಕು. ಸಂಜೆ ಕುಡಿದ ಚಹಾದ ಕೆಫೀನಿನಲ್ಲಿ ಅರ್ಧದಷ್ಟು 5 ಗಂಟೆಗಳ ಬಳಿಕವೂ ರಕ್ತದಲ್ಲಿರುತ್ತದೆ. ಅತಿಥಿಗಳೊಂದಿಗೆ ನಾಲ್ಕನೆಯ ಕಪ್ಪನ್ನು ಒಲ್ಲೆನೆನ್ನಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಇನ್ನು “ನಿದ್ದಿ ಬರಲಿ ಅಂತ ಸ್ವಲ್ಪ ತಗೋತೀನಿ” ಎಂಬ ಮಾತು. ಮದ್ಯವು ಬೇಗ ಮಂಪರು ತರಿಸುವುದು ನಿಜ, ಆದರೆ ರಾತ್ರಿಯ ಉತ್ತರಾರ್ಧದ ನಿದ್ರೆಯನ್ನು ಒಡೆಯುತ್ತದೆ. ಮರುದಿನದ ಕಳವಳ ಮೊದಲಿಗಿಂತ ಹೆಚ್ಚುತ್ತದೆ. ಶರಣಪಂಥದವರಿಗೆ ಇದನ್ನು ಹೇಳಬೇಕಾಗಿ ಬಂದುದೇ ಸಂಕೋಚದ ಸಂಗತಿ, ಆದರೂ ಹೇಳದೆ ಬಿಡುವಂತಿಲ್ಲ.

ಅಡುಗೆಮನೆಗೆ ಬರೋಣ. ಎಳ್ಳಮಾವಾಸ್ಯೆಯ ಬುತ್ತಿಯನ್ನು ನೆನೆದರೆ ಯಾರ ಬಾಯಲ್ಲೂ ನೀರೂರುತ್ತದೆ: ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಕಾಳುಪಲ್ಯ, ಚಟ್ನಿಪುಡಿಗಳು. ಹೊಲದ ನಡುವೆ ಕುಳಿತು ಉಣ್ಣುವವರು ಇಪ್ಪತ್ತು ಜನ. ಅದನ್ನು ಮಾಡಿದವರು ಬಹಳವೆಂದರೆ ಇಬ್ಬರು. ನಮ್ಮ ಹಿರಿಯರ ಅಡುಗೆಯಲ್ಲೇ ಇದಕ್ಕೆ ಉಪಾಯವಿದೆ. ಕಟಕ ರೊಟ್ಟಿ ವಾರಗಟ್ಟಲೆ ಉಳಿಯುತ್ತದೆ, ಶೇಂಗಾ ಹೋಳಿಗೆ ಎಂಟು ದಿನ ಕೆಡುವುದಿಲ್ಲ, ಚಟ್ನಿಪುಡಿಗಳಂತೂ ತಿಂಗಳು ಬರುತ್ತವೆ. ಇವನ್ನು ಮುಂಚಿತವಾಗಿ ದಿನಕ್ಕಿಷ್ಟು ಮಾಡಿಟ್ಟರೆ ಹಬ್ಬದ ದಿನಕ್ಕೆ ಉಳಿಯುವುದು ಪಲ್ಯ ಮಾತ್ರ. ರೊಟ್ಟಿ, ಹೋಳಿಗೆಗಳನ್ನು ಮಾಡಿ ಮಾರುವ ಮಹಿಳಾ ಸಂಘಗಳು ಈಗ ಅನೇಕ ಊರುಗಳಲ್ಲಿವೆ. ಅವರಿಂದ ಕೊಂಡರೆ ಮನೆತನದ ಮರ್ಯಾದೆ ಹೋಗುವುದಿಲ್ಲ, ಇನ್ನೊಬ್ಬ ತಾಯಿಯ ಕಾಯಕಕ್ಕೆ ಬೆಲೆ ಬಂದಂತಾಗುತ್ತದೆ. ಗಂಡುಮಕ್ಕಳ ಬಗೆಗೂ ಒಂದು ಮಾತು. ಮಠದ ದಾಸೋಹದಲ್ಲಿ ಹಿಟ್ಟು ನಾದುವ, ಕಾಯಿಪಲ್ಯ ಹೆಚ್ಚುವ, ಪಾತ್ರೆ ತೊಳೆಯುವ ಸೇವೆಗೆ ಪಂಚೆ ಮೇಲೆ ಕಟ್ಟಿ ನಿಲ್ಲುವ ಅದೇ ಸದ್ಭಕ್ತರು ತಮ್ಮ ಮನೆಯ ಹಬ್ಬದಲ್ಲಿ ಜಗುಲಿ ಬಿಟ್ಟು ಏಳುವುದಿಲ್ಲ. ಮಠದಲ್ಲಿ ಪುಣ್ಯವಾದ ಕೆಲಸ ಮನೆಯಲ್ಲಿ ಹೇಗೆ ಅಪಮಾನವಾದೀತು?

ಹಣದ ಚಿಂತೆ ಬಾಯಿಬಿಟ್ಟು ಆಡದ ಚಿಂತೆ. ಪತ್ನಿಗೆ ತಿಳಿಸದೆ ಮಾಡಿದ ಸಾಲ, ಮಗನಿಗೆ ಗೊತ್ತಿಲ್ಲದ ಬಾಕಿ ಇವು ರಾತ್ರಿ 2 ಗಂಟೆಗೆ ಎಬ್ಬಿಸಿ ಕೂಡಿಸುತ್ತವೆ. ಹಬ್ಬದ ಖರೀದಿಗೆ ಮುನ್ನ ಗಂಡ-ಹೆಂಡಿರಿಬ್ಬರೂ ಕುಳಿತು ಒಂದು ಹಾಳೆಯಲ್ಲಿ ಬರುವುದೆಷ್ಟು, ಕೊಡುವುದೆಷ್ಟು ಎಂದು ಬರೆಯುವುದು ಬಹು ಸರಳವಾದ, ಬಹಳ ಜನ ಮಾಡದ ಚಿಕಿತ್ಸೆ. ತಲೆಯಲ್ಲಿ ಸುತ್ತುವ ಸಾಲಕ್ಕೆ ಅಂಕೆಯಿಲ್ಲ, ಹಾಳೆಯ ಮೇಲಿನ ಸಾಲಕ್ಕೆ ಒಂದು ಮೊತ್ತವಿರುತ್ತದೆ. ಕಾನೂನಿನ ಎರಡು ಸಂಗತಿಗಳನ್ನೂ ಬಲ್ಲವರಾಗಿರಬೇಕು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಪಾವತಿಸಬೇಕು, ತಡವಾದರೆ ಬಡ್ಡಿ ಕೊಡಬೇಕು. ಕಿರುಸಾಲದ ವಸೂಲಿಗಾಗಿ ಮನೆಗೆ ಬಂದು ಬೆದರಿಸುವುದನ್ನು, ಅವಮಾನಿಸುವುದನ್ನು ತಡೆಯಲು ರಾಜ್ಯ ಸರ್ಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಅಂಥ ಕಿರುಕುಳ ನಡೆದರೆ ಪೊಲೀಸ್ ಠಾಣೆಗೆ ಹೋಗಲು ಸಾಲಗಾರರು ಅಂಜಬೇಕಾಗಿಲ್ಲ.

ಹಬ್ಬದಲ್ಲಿ ಎಲ್ಲರ ಮನೆಯಲ್ಲೂ ನಗು ಇರುವುದಿಲ್ಲ. ಆ ವರ್ಷ ಒಬ್ಬರನ್ನು ಕಳೆದುಕೊಂಡ ಮನೆಗೆ ಮೊದಲ ಹಬ್ಬ ಅತ್ಯಂತ ಕಠಿಣ. ಬೀಳಗಿ ತಾಲೂಕಿನ ಮುಳುಗಡೆ ಹಳ್ಳಿಗಳ ಹಿರಿಯರಿಗೆ ಎಳ್ಳಮಾವಾಸ್ಯೆ ಬಂತೆಂದರೆ ಇಂದಿಗೂ ಒಳಗೊಳಗೇ ಏನೋ ಕದಡುತ್ತದೆ. ಚರಗ ಚೆಲ್ಲುತ್ತಿದ್ದ ಎರೆಹೊಲ ಆಲಮಟ್ಟಿಯ ಹಿನ್ನೀರಿನ ಅಡಿಯಲ್ಲಿದೆ. ಪುನರ್ವಸತಿ ಕೇಂದ್ರದ ಮನೆಯಿಂದ ಬುತ್ತಿ ಕಟ್ಟಿಕೊಂಡು ಯಾರ ಹೊಲಕ್ಕೆ ಹೋಗುವುದು? ಇಂಥ ದುಃಖಕ್ಕೆ “ಆದದ್ದು ಆಯಿತು, ಮರೆತುಬಿಡಿ” ಎಂಬುದು ಸಮಾಧಾನವಲ್ಲ. ಆ ಹೊಲ ಹೇಗಿತ್ತು, ಬನ್ನಿಗಿಡ ಎಲ್ಲಿತ್ತು, ಬಾವಿಯ ನೀರು ಎಷ್ಟು ಸಿಹಿಯಿತ್ತು ಎಂದು ಮೊಮ್ಮಕ್ಕಳು ಕೇಳಬೇಕು, ಅವರು ಹೇಳಬೇಕು. ಕೇಳುವವರಿದ್ದಾಗ ದುಃಖ ತನ್ನ ದಾರಿಯಲ್ಲಿ ಹರಿದು ತಿಳಿಯಾಗುತ್ತದೆ. ಕಣ್ಣೀರು ಬಂದರೆ ಹಬ್ಬ ಕೆಟ್ಟಿತೆಂದು ಭಾವಿಸಬೇಕಾಗಿಲ್ಲ.

ದಿನನಿತ್ಯ ಮನಸ್ಸನ್ನು ಹದದಲ್ಲಿಡುವ ಬಗೆ ಯಾವುದೆಂದು ಕೇಳಿದರೆ ಸದ್ಭಕ್ತರಿಗೆ ಹೊಸದೇನನ್ನೂ ಕಲಿಸಬೇಕಾಗಿಲ್ಲ. ಬೆನ್ನು ನೇರವಾಗಿಸಿ ಕುಳಿತು, ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯಿಟ್ಟಾಗ ಉಸಿರು ತಾನಾಗಿಯೇ ನಿಧಾನವಾಗುತ್ತದೆ. ನಿಮಿಷಕ್ಕೆ ಸುಮಾರು 6 ಬಾರಿ, ಒಳಗೆಳೆಯುವುದಕ್ಕಿಂತ ಹೊರಬಿಡುವುದು ದೀರ್ಘವಾಗಿ ಉಸಿರಾಡಿದರೆ, ಮಿದುಳಿನಿಂದ ಹೃದಯ ಮತ್ತು ಜಠರಗಳಿಗೆ ಇಳಿಯುವ ವೇಗಸ್ ಎಂಬ ನರದ ಮೂಲಕ ಎದೆಬಡಿತ ಇಳಿಯುತ್ತದೆ, ಸ್ನಾಯುಗಳ ಬಿಗಿ ಸಡಿಲಗೊಳ್ಳುತ್ತದೆ. ಪೂಜೆಯನ್ನು ಔಷಧಿ ಎಂದು ಕರೆಯುವುದು ಅದನ್ನು ಕಿರಿದುಗೊಳಿಸಿದಂತೆ, ಆ ತಪ್ಪನ್ನು ಇಲ್ಲಿ ಮಾಡುತ್ತಿಲ್ಲ. ಆದರೆ ಹಬ್ಬದ ಅವಸರದಲ್ಲಿ ಮೊದಲು ಮೊಟಕಾಗುವುದು ಪೂಜೆಯೇ ಎಂಬುದನ್ನು ಗಮನಿಸಬೇಕು. ನೈವೇದ್ಯಕ್ಕೆ ಹತ್ತು ಬಗೆ ಸಿದ್ಧವಾಗಿರುತ್ತದೆ, ಕೂಡಲು ಹತ್ತು ನಿಮಿಷವಿರುವುದಿಲ್ಲ. ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಮೋಟಾರು ಚಾಲೂ ಆದ ಮೇಲೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ; ಅಲ್ಲಿ ಗುಂಡಿ ಒತ್ತುವ ಮುಂಚಿನ ನಿಶ್ಶಬ್ದವೇ ದಿನದ ಅಮೂಲ್ಯ ಗಳಿಗೆ.

ಚಳಿಗಾಲಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆ. ಚಳಿಗೆ ರಕ್ತನಾಳಗಳು ಸಂಕುಚಿಸಿ ರಕ್ತದೊತ್ತಡ ಏರುತ್ತದೆ, ಹೃದಯಾಘಾತಗಳು ಈ ತಿಂಗಳುಗಳಲ್ಲಿ ಹೆಚ್ಚು. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಜಾತ್ರೆಯ ಪ್ರಯಾಣದಲ್ಲಿ, ಉಪವಾಸದಲ್ಲಿ ತಾವಾಗಿಯೇ ನಿಲ್ಲಿಸಬಾರದು. ಉಪವಾಸವಿದ್ದರೆ ಪ್ರಮಾಣವನ್ನು ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಬೇಕು. ಎದೆಯಲ್ಲಿ ಒತ್ತಿದಂತಹ ನೋವು, ಎಡಗೈಗೋ ದವಡೆಗೋ ಹಬ್ಬುವ ನೋವು, ತಣ್ಣನೆಯ ಬೆವರು ಕಂಡರೆ “ಟೆನ್ಷನ್ ಇರಬೇಕು”, “ಗ್ಯಾಸ್ ಇರಬೇಕು” ಎಂದು ಸೋಡಾ ಕುಡಿಸುತ್ತ ಕೂಡದೆ 108ಕ್ಕೆ ಕರೆ ಮಾಡಬೇಕು.

ಒತ್ತಡ ಎಲ್ಲಿಗೆ ಮುಗಿದು ಕಾಯಿಲೆ ಎಲ್ಲಿ ಮೊದಲಾಗುತ್ತದೆ? ಹಬ್ಬ ಕಳೆದು, ಬಿಲ್ಲು ಬಂದು, ನಾಲ್ಕು ರಾತ್ರಿ ಚೆನ್ನಾಗಿ ಮಲಗಿದ ಮೇಲೆ ಹಗುರವಾದರೆ ಅದು ದಣಿವು. ಹಾಗಾಗದೆ ಎರಡು ವಾರಗಳಿಗೂ ಮೀರಿ ದಿನದ ಬಹುಭಾಗ ಮನಸ್ಸು ಕುಸಿದಿದ್ದರೆ, ಮೊದಲು ಪ್ರಿಯವಾಗಿದ್ದ ಭಜನೆ, ಮೊಮ್ಮಕ್ಕಳು, ಎತ್ತುಗಳು ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಊಟ ಸೇರದಿದ್ದರೆ, ನಸುಕಿಗೆ ಮುಂಚೆಯೇ ಎಚ್ಚರವಾಗಿ ಮತ್ತೆ ನಿದ್ರೆ ಹತ್ತದಿದ್ದರೆ, “ನಾನು ಎಲ್ಲರಿಗೂ ಭಾರ” ಎಂಬ ಮಾತು ಬರುತ್ತಿದ್ದರೆ ಅದು ಖಿನ್ನತೆ. ಅದಕ್ಕೆ ಚಿಕಿತ್ಸೆಯಿದೆ. ಖಿನ್ನತೆಯ ಗುಳಿಗೆಗಳು ಪರಿಣಾಮ ತೋರಲು ಎರಡರಿಂದ ನಾಲ್ಕು ವಾರ ಬೇಕು, ಅವು ಚಟ ಹಿಡಿಸುವಂಥವಲ್ಲ. ಚಟವಾಗುವ ಭಯವಿರುವುದು ವೈದ್ಯರನ್ನು ಕೇಳದೆ ಅಂಗಡಿಯಿಂದ ತರುವ ನಿದ್ರೆಯ ಗುಳಿಗೆಗಳಲ್ಲಿ. ಶ್ರೀಮಠಕ್ಕೆ ಬಂದು ಪೂಜ್ಯರಲ್ಲಿ ಮನಸ್ಸು ಬಿಚ್ಚಿಕೊಳ್ಳುವುದರಿಂದ ಧೈರ್ಯ ಸಿಗುತ್ತದೆ. ಆ ಧೈರ್ಯದಿಂದಲೇ ಆಸ್ಪತ್ರೆಗೂ ಹೋಗಬೇಕು. ಗಾಳಿ ಸೋಂಕಿದೆ ಎಂದು ತಾಯತ ಕಟ್ಟಿಸುವುದರಲ್ಲಿ ತಿಂಗಳುಗಳನ್ನು ಕಳೆಯಬಾರದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆ ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ದಿನ ದೊರೆಯುತ್ತದೆಂದು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಿಳಿಯುತ್ತದೆ.

ಮನೆಯಲ್ಲಿ ಯಾರಾದರೂ ಬದುಕು ಬೇಡವೆಂಬ ಮಾತಾಡಿದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕಬಾರದು. “ಅಂಥ ವಿಚಾರ ಬರ್ತದೇನು?” ಎಂದು ಮೆಲ್ಲಗೆ, ನೇರವಾಗಿ ಕೇಳುವುದರಿಂದ ಆ ವಿಚಾರ ಹೆಚ್ಚುವುದಿಲ್ಲ, ಎದೆಯ ಮೇಲಿನ ಕಲ್ಲು ತುಸು ಸರಿಯುತ್ತದೆ. ಅವರನ್ನು ಒಂಟಿಯಾಗಿ ಬಿಡಬಾರದು. ಹೊಲಕ್ಕೆ ಹೊಡೆಯುವ ಔಷಧಿಗಳನ್ನು ಯಾವ ಮನೆಯಲ್ಲೇ ಆಗಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಕೀಲಿ ಬೇರೊಬ್ಬರ ಕೈಯಲ್ಲಿರಬೇಕು. ಇಂಥ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದವರೆಂದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಭಾವಿಸುತ್ತದೆ, ಅವರಿಗೆ ಆರೈಕೆ ಒದಗಿಸಬೇಕೆನ್ನುತ್ತದೆ. ಆದ್ದರಿಂದ ಪೊಲೀಸರ ಅಂಜಿಕೆಯಿಂದ ಆಸ್ಪತ್ರೆಗೆ ಒಯ್ಯಲು ಒಂದು ಕ್ಷಣವೂ ತಡಮಾಡಬಾರದು.

14416 ಎಂಬುದು ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಕೇಂದ್ರವಾಗಿರಿಸಿಕೊಂಡು 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ರೋಗಿಯೇ ಕರೆ ಮಾಡಬೇಕೆಂದಿಲ್ಲ, “ನಮ್ಮ ಮನೆಯವರು ಹದಿನೈದು ದಿನದಿಂದ ಮಲಗಿಲ್ಲ, ಏನು ಮಾಡಲಿ?” ಎಂದು ಮನೆಯವರೂ ಕೇಳಬಹುದು. ಈ ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕ ಬರೆಯುವ ಜಾಗದ ಪಕ್ಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿಡಬೇಕು.