ಮಿಸ್ಸಿಂಗ್ ಹಿಡಿಯುವವರು

‘ಗಾಡಿ ಮಿಸ್ಸಿಂಗ್ ಹೊಡ್ಯಾಕತ್ತೈತ್ರಿ.’

ಹುಬ್ಬಳ್ಳಿ–ಗದಗ ಹೆದ್ದಾರಿಯ ಅಣ್ಣಿಗೇರಿಯಂಥ ಊರಿನಲ್ಲಿ ಹಳೆಯ ಕಾರು ಗ್ಯಾರೇಜಿಗೆ ಬಂತೆಂದರೆ ಮಾತು ಶುರುವಾಗುವುದು ಹೀಗೆ. ಕೈಗೆ ಸಿಕ್ಕ ಪಾನಾ ಹಿಡಿದು ಬಾನೆಟ್ಟಿಗೆ ನುಗ್ಗುವವನು ಇನ್ನೂ ಕಲಿಯುತ್ತಿರುವ ಹುಡುಗ. ಪಳಗಿದ ಮಿಸ್ತ್ರಿ ಮೊದಲು ಕೇಳುವುದು ‘ಯಾವಾಗ ಹೊಡಿತೈತ್ರಿ?’ ಎಂದು. ಮುಂಜಾನೆ ಚಾಲೂ ಮಾಡಿದ ಕೂಡಲೇ? ಅರ್ಧ ತಾಸು ಓಡಿಸಿದ ಮೇಲೆ? ಮಳೆಯಲ್ಲಿ? ತಗ್ಗಿಗೆ ಬಿದ್ದಾಗ? ನಾಲ್ಕು ಜನ ಹತ್ತಿಸಿಕೊಂಡು ಏರಿನಲ್ಲಿ ಹೋಗುವಾಗ? ಸದಾ ಇರುವ ದೋಷವನ್ನು ಯಾರಾದರೂ ಹಿಡಿದಾರು. ಒಮ್ಮೆ ಕಂಡು ಒಮ್ಮೆ ಮರೆಯಾಗುವುದನ್ನು ಹಿಡಿಯಲು ಈ ಪ್ರಶ್ನೆಗಳೇ ಬೇಕು.

ಮಿಸ್ ಎಂದರೆ ಒಂದು ಸಿಲಿಂಡರಿನಲ್ಲಿ ಪೆಟ್ರೋಲು ಉರಿಯಬೇಕಾದ ಗಳಿಗೆಯಲ್ಲಿ ಉರಿಯದೆ ಹೋಗುವುದು. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಪ್ಲಗ್ಗುಗಳೆಲ್ಲ ಸೇರಿ 6000 ಸಲ ಕಿಡಿ ಹಾರಿಸಬೇಕು, ಅಂದರೆ ಸೆಕೆಂಡಿಗೆ ನೂರು. ಅದರಲ್ಲಿ ಎಂಟು ಹತ್ತು ತಪ್ಪಿದರೂ ಸ್ಟಿಯರಿಂಗ್ ಹಿಡಿದವರಿಗೆ ಗೊತ್ತಾಗುತ್ತದೆ. ಮಾರುತಿ 800ಕ್ಕೆ ಇರುವುದೇ 796 ಸಿಸಿಯ ಮೂರು ಸಿಲಿಂಡರು. ಒಂದು ಸತ್ತರೆ ಶಕ್ತಿಯ ಮೂರರಲ್ಲೊಂದು ಪಾಲು ಹೋಗಿ ಗಾಡಿ ಕುದುರೆಯ ಹಾಗೆ ಕುಪ್ಪಳಿಸುತ್ತದೆ. ಈ ಕಾರು ನಿಂತದ್ದು 2014ರ ಜನವರಿಯಲ್ಲಿ, ಅಂಬಾಸಡರ್ ಅದೇ ವರ್ಷದ ಮೇನಲ್ಲಿ. ಕಂಪನಿಗಳು ಕೈಬಿಟ್ಟರೂ ಎರಡೂ ಇನ್ನೂ ಓಡುತ್ತಿವೆ, ಮಿಸ್ಸೂ ಹೊಡೆಯುತ್ತಿವೆ.

ಹಳೆಯ ಕಾರಿನ ಕರೆಂಟಿನ ದಾರಿ ಸರಳ. 12 ವೋಲ್ಟಿನ ಬ್ಯಾಟರಿ, ಅದನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸುವ ಕಾಯಿಲ್, ತೆರೆದು ಮುಚ್ಚುವ ಪಾಯಿಂಟು, ಅದರ ಜೊತೆಗಾರ ಕಂಡೆನ್ಸರ್, ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರ್. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಹೊತ್ತಿಗೆ ಕ್ಯಾಡಿಲಾಕ್ ಕಾರಿಗೆ ಕೂಡಿಸಿದ ಏರ್ಪಾಟು ಇದು. ಅಂಬಾಸಡರಿನ ಪೆಟ್ರೋಲ್ ಎಂಜಿನ್ನಿನಲ್ಲೂ ಮೂಲದಲ್ಲಿ ಇದೇ ಇತ್ತು. ಪಾಯಿಂಟಿನ ಸಂದಿ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಅದರ ನಡುವೆ ಸುಟ್ಟ ಕಲೆ ಕೂತರೆ ಮುಗಿಯಿತು.

ಮಳೆಗಾಲದ ಮಿಸ್ಸು ಬಹುಪಾಲು ಡಿಸ್ಟ್ರಿಬ್ಯೂಟರಿನ ಮುಚ್ಚಳದ್ದು ಇಲ್ಲವೇ ಪ್ಲಗ್ ವೈರಿನದು. ಕಣ್ಣಿಗೆ ಕಾಣದ ಬಿರುಕಿನಲ್ಲಿ ತೇವ ಸೇರಿ ಕರೆಂಟು ಪ್ಲಗ್ಗಿನ ತನಕ ಹೋಗದೆ ದಾರಿಯಲ್ಲೇ ಸೋರುತ್ತದೆ. ಕತ್ತಲಲ್ಲಿ ಬಾನೆಟ್ ಎತ್ತಿ, ವೈರಿನ ಮೇಲೆ ತುಸು ನೀರು ಚಿಮುಕಿಸಿ ನೋಡಿದರೆ ನೀಲಿ ಕಿಡಿ ಹರಿದಾಡುವುದು ಕಾಣುತ್ತದೆ. ಈ ತಾಪತ್ರಯ ನಮ್ಮವರಿಗಷ್ಟೇ ಅಲ್ಲ. 1959ರಲ್ಲಿ ಬಂದ ಬ್ರಿಟನ್ನಿನ ಮಿನಿ ಕಾರಿನಲ್ಲಿ ಡಿಸ್ಟ್ರಿಬ್ಯೂಟರು ಮುಂದಿನ ಜಾಳಿಗೆಯ ಹಿಂದೆಯೇ ಕೂತಿತ್ತು. ಮಳೆ ಬಂದರೆ ಕಾರು ಕೆಮ್ಮುವುದು ಅಲ್ಲಿ ಮನೆಮಾತಾಗಿತ್ತು.

ಬಿಸಿಲಿನ ಮಿಸ್ಸು ಇನ್ನಷ್ಟು ಕಳ್ಳ. ಕಾದ ಕಾಯಿಲ್ ಒಳಗೊಳಗೇ ಸೋರುತ್ತದೆ, ಆರಿದರೆ ಸರಿಹೋಗುತ್ತದೆ. ನವಲಗುಂದದ ಕಡೆಯಿಂದ ಕುಂಟುತ್ತ ಬಂದ ಗಾಡಿ ಗ್ಯಾರೇಜಿನ ನೆರಳಲ್ಲಿ ಅರ್ಧ ತಾಸು ನಿಂತರೆ ಹೊಸದರಂತೆ ಓಡುತ್ತದೆ, ಮಾಲೀಕ ಸುಳ್ಳ ಅನ್ನಿಸಿಕೊಳ್ಳುತ್ತಾನೆ. ಇನ್ನೊಂದು ಗುಮಾನಿ ಟ್ಯಾಂಕಿನಿಂದ ಪೆಟ್ರೋಲು ಎಳೆಯುವ ‘ಎಸಿ ಪಂಪಿ’ನ ಮೇಲೆ: ಬಿಸಿಗೆ ಪೆಟ್ರೋಲು ಆವಿಯಾಗಿ ಪೂರೈಕೆ ಕಡಿಯುತ್ತದೆ. ಅಂಬಾಸಡರ್ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಿದ್ದುದು ಇದಕ್ಕೇ. ಆ ಬಟ್ಟೆ ಮದ್ದೂ ಹೌದು, ಪರೀಕ್ಷೆಯೂ ಹೌದು. ಬಟ್ಟೆ ಹಾಕಿದ ಕೂಡಲೇ ಚೇತರಿಸಿಕೊಂಡರೆ ತಪ್ಪು ಪೆಟ್ರೋಲಿನದು. ಇಲ್ಲವಾದರೆ ಮಿಸ್ತ್ರಿಯ ಕಣ್ಣು ಕರೆಂಟಿನತ್ತ ತಿರುಗುತ್ತದೆ.

ಯಾವ ಸಿಲಿಂಡರು ಎಂದು ಪತ್ತೆಮಾಡಲು ಎಂಜಿನ್ ನಿಧಾನ ಓಡುತ್ತಿರುವಾಗ ಪ್ಲಗ್ ವೈರುಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಬಿಡಿಸಿದರೆ ಎಂಜಿನ್ ಕುಗ್ಗಬೇಕು. ಕುಗ್ಗದಿದ್ದರೆ ಸತ್ತದ್ದು ಅದೇ. (ಓದಿ ಮನೆಯಲ್ಲಿ ಮಾಡಹೋಗಬೇಡಿ, ಆ ಕರೆಂಟಿನ ಪೆಟ್ಟು ಜೋರು. ಕಂಪ್ಯೂಟರ್ ಇರುವ ಗಾಡಿಯಲ್ಲಂತೂ ಇದು ದುಬಾರಿ ಆಟ.) ಆಮೇಲೆ ಪ್ಲಗ್ಗನ್ನು ಬಿಚ್ಚಿ ಓದಬೇಕು. ಹೌದು, ಓದಬೇಕು. ಬಿಸ್ಕತ್ತಿನ ಬಣ್ಣವಿದ್ದರೆ ಸುಖ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಾಗಿದ್ದರೆ ಕಡಿಮೆ. ಹಸಿಯಾಗಿ ಪೆಟ್ರೋಲು ನಾತ ಹೊಡೆದರೆ ಕಿಡಿಯೇ ಇಲ್ಲ. ಆಯಿಲ್ ಜಿಡ್ಡಿದ್ದರೆ ಪಿಸ್ಟನ್ ರಿಂಗಿನ ಕಡೆ ನೋಡಬೇಕು, ಖರ್ಚು ದೊಡ್ಡದು. ಹಳಬರ ಬಾಯಲ್ಲಿ ಇವತ್ತಿಗೂ ಇದು ‘ಮೈಕೋ ಪ್ಲಗ್’. ಬೆಂಗಳೂರಿನಲ್ಲಿ 1951ರಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು.

ಗುಮಾನಿಯ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡುವುದು ಈ ಕಸುಬಿನ ಜಾಣತನ. ಮಿಸ್ಸು ಪ್ಲಗ್ಗಿನ ಹಿಂದೆಯೇ ಹೋದರೆ ಕಳ್ಳ ಸಿಕ್ಕ. ಅಲ್ಲೇ ಉಳಿದರೆ ವೈರು, ಆಮೇಲೆ ಮುಚ್ಚಳ, ಆಮೇಲೆ ವಾಲ್ವು. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್, ಪಾಯಿಂಟ್, ಕಂಡೆನ್ಸರ್, ಕಾಯಿಲ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೂ ಗಾಡಿ ಸರಿಹೋದೀತು, ಆದರೆ ಯಾವುದು ಕೆಟ್ಟಿತ್ತೆಂದು ದುಡ್ಡು ಕೊಟ್ಟವನಿಗೂ ಗೊತ್ತಿಲ್ಲ, ತಗೊಂಡವನಿಗೂ ಗೊತ್ತಿಲ್ಲ.

ಎರೆ ಸೀಮೆಯ ರಸ್ತೆಗಳದ್ದು ಬೇರೆಯೇ ಕಥೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ನೆಲದ ಮೇಲೆ ಡಾಂಬರು ಸಪಾಟಾಗಿ ನಿಲ್ಲುವುದಿಲ್ಲ. ಕುಲುಕಾಟಕ್ಕೆ ಅರ್ಥ್ ವೈರಿನ ನಟ್ಟು ಸಡಿಲಾಗುತ್ತದೆ. ತಗ್ಗು ಹಾರಿದಾಗಷ್ಟೇ ಮಿಸ್ ಹೊಡೆಯುವ ಗಾಡಿಯ ವೈರುಗಳನ್ನು, ಎಂಜಿನ್ ಓಡುತ್ತಿರುವಾಗಲೇ, ಒಂದೊಂದಾಗಿ ಮರದ ಕಡ್ಡಿಯಿಂದ ಅಲುಗಿಸಿ ನೋಡುವುದುಂಟು. ಕಡಲೆ, ಹೆಸರಿನ ಚೀಲದ ಪಕ್ಕ ನಿಲ್ಲಿಸಿದ ಕಾರಿನಲ್ಲಾದರೆ ಇಲಿಯ ಹಲ್ಲಿನ ಗುರುತನ್ನೂ ಹುಡುಕಬೇಕು.

ಹೊಸ ಗಾಡಿಗಳಲ್ಲಿ ಸ್ಕ್ಯಾನರ್ ಇದೆ. ‘ಪಿ 0302’ ಎಂದು ತೋರಿಸಿದರೆ ಎರಡನೇ ಸಿಲಿಂಡರಿನಲ್ಲಿ ಮಿಸ್ ಎಂದರ್ಥ. ಎಲ್ಲಿ ಎಂದು ಅದು ಹೇಳುತ್ತದೆ. ಪ್ಲಗ್ಗೋ ಕಾಯಿಲೋ ಇಂಜೆಕ್ಟರೋ ಎಂದು ಹುಡುಕುವ ಕೆಲಸ ಉಳಿದೇ ಇರುತ್ತದೆ. ಇತ್ತ ಹಳೆಯ ಗಾಡಿಗೆ ಹೊಸ ತಲೆನೋವು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ, ಶೇ 20 ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನು ಕೆಡಿಸುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಕಾರು ಮಿಸ್ ಹೊಡೆದರೆ ‘ಕಾರ್ಬುರೇಟರ್‌ನ್ಯಾಗ ಕಚರಾ ಬಂದೈತಿ’ ಎಂಬ ತೀರ್ಪಿಗೆ ಮುಂಚೆ ಟ್ಯಾಂಕಿನ ತಳ ನೋಡಿಸುವುದು ಲೇಸು.

ಇನ್ನು ಮಾಲೀಕರ ಪಾಲಿನ ಕೆಲಸ. ಮಿಸ್ ಹೊಡೆದಾಗಲೆಲ್ಲ ಹೊತ್ತು, ವೇಗ, ಮಳೆಯೋ ಬಿಸಿಲೋ ಎಂಬುದನ್ನು ಚೀಟಿಯಲ್ಲಿ ಬರೆದಿಡಿ. ಪ್ಲಗ್ ಬದಲಿಸಿದರೆ ಹಳೆಯದನ್ನು ಎಸೆಯಬೇಡಿ. ಯಾವ ಸಿಲಿಂಡರಿನದೆಂದು ಕಾಗದದಲ್ಲಿ ಬರೆದು ಸುತ್ತಿ ಡಿಕ್ಕಿಯಲ್ಲಿಡಿ. ಮುಂದಿನ ಸಲ ಮಿಸ್ತ್ರಿ ಅದನ್ನೇ ಕೇಳುತ್ತಾರೆ.