‘ಐಸಿಎಂಆರ್ ಅನುದಾನಿತ’ ಎಂದರೇನು? ಸಹಿ ಹಾಕುವ ಮೊದಲು ತಿಳಿದಿರಬೇಕಾದ ಪದಗಳು

ಆಸ್ಪತ್ರೆಯಲ್ಲಿ ನಿಮ್ಮನ್ನೋ ನಿಮ್ಮ ಮನೆಯವರನ್ನೋ ಸಂಶೋಧನೆಗೆ ಸೇರುವಿರಾ ಎಂದು ಕೇಳಿದಾಗ, ಕೈಗೆ ಕೊಡುವ ಮಾಹಿತಿ ಪತ್ರದಲ್ಲಿ ‘ಐಸಿಎಂಆರ್ ಅನುದಾನಿತ’ ಎಂಬ ಸಾಲು ಇರಬಹುದು. ‘ಸರ್ಕಾರದ್ದೇ ಅಂದಮೇಲೆ ಔಷಧಿ ಒಳ್ಳೆಯದೇ ಇರುತ್ತದೆ’ ಎಂದುಕೊಳ್ಳಬೇಡಿ. ಹಣ ಎಲ್ಲಿಂದ ಬಂತು ಎಂಬುದನ್ನಷ್ಟೇ ಆ ಸಾಲು ಹೇಳುತ್ತದೆ. ಔಷಧಿ ಗುಣ ಕೊಡುತ್ತದೆಯೇ ಎಂಬುದು ಸಂಶೋಧನೆ ಮುಗಿದ ಮೇಲೆ ತಿಳಿಯಬೇಕಾದ ವಿಷಯ.

ಐಸಿಎಂಆರ್: ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು. 1911ರಲ್ಲಿ ಆರಂಭವಾದ ಸಂಸ್ಥೆಗೆ 1949ರಲ್ಲಿ ಈ ಹೆಸರು ಬಂತು. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಇಂಥ ಸಂಶೋಧನೆಗಳಿಗೆ ಹಣ ಕೊಡುತ್ತದೆ.

ಅನುದಾನ ಅಥವಾ ಗ್ರಾಂಟ್: ನಿರ್ದಿಷ್ಟ ಸಂಶೋಧನೆಗೆಂದು ಕೊಡುವ ಹಣ. ಇದು ಸಾಲವಲ್ಲ, ಆದರೆ ಖರ್ಚಿನ ಲೆಕ್ಕ ಒಪ್ಪಿಸಬೇಕು. ಆಯುಷ್ಮಾನ್ ಭಾರತ್‌ನಂತೆ ಇದು ರೋಗಿಯ ಚಿಕಿತ್ಸಾ ವೆಚ್ಚದ ಯೋಜನೆಯಲ್ಲ.

ಇಂಟ್ರಾಮ್ಯೂರಲ್, ಎಕ್ಸ್‌ಟ್ರಾಮ್ಯೂರಲ್: ಐಸಿಎಂಆರ್ ತನ್ನದೇ ಸಂಸ್ಥೆಗಳಲ್ಲಿ ನಡೆಸುವುದು ಮೊದಲನೆಯದು. ಪುಣೆಯ ವೈರಾಣು ಸಂಸ್ಥೆ, ಚೆನ್ನೈನ ಕ್ಷಯರೋಗ ಸಂಶೋಧನಾ ಸಂಸ್ಥೆ, ಹೈದರಾಬಾದಿನ ಪೌಷ್ಟಿಕಾಂಶ ಸಂಸ್ಥೆ ಇಂಥವು. ಹೊರಗಿನ ವೈದ್ಯಕೀಯ ಕಾಲೇಜು, ಆಸ್ಪತ್ರೆಗಳ ಸಂಶೋಧಕರಿಗೆ ಹಣ ಕೊಟ್ಟು ನಡೆಸುವುದು ಎರಡನೆಯದು.

ಪ್ರಧಾನ ಸಂಶೋಧಕರು: ನಿಮ್ಮ ಆಸ್ಪತ್ರೆಯಲ್ಲಿ ಆ ಅಧ್ಯಯನಕ್ಕೆ ಹೊಣೆಗಾರರು. ಇವರ ಹೆಸರು, ಫೋನ್ ನಂಬರ್ ಮಾಹಿತಿ ಪತ್ರದಲ್ಲಿದೆಯೇ ನೋಡಿ.

ಸ್ಪಾನ್ಸರ್: ಟ್ರಯಲ್ ಆರಂಭಿಸಿ ನಡೆಸುವ ಹೊಣೆ ಹೊತ್ತವರು. ಹಣ ಕೊಟ್ಟವರೇ ಸ್ಪಾನ್ಸರ್ ಆಗಿರಬೇಕೆಂದಿಲ್ಲ.

ಎಥಿಕ್ಸ್ ಕಮಿಟಿ: ಭಾಗವಹಿಸುವವರ ಹಕ್ಕು, ಸುರಕ್ಷತೆಯನ್ನು ಕಾಯುವ ಸಮಿತಿ. ಹಣ ಮಂಜೂರಾದರೂ ಇದರ ಒಪ್ಪಿಗೆ ಬೇರೆಯಾಗಿಯೇ ಬೇಕು.

ಸಿಟಿಆರ್‌ಐ ಸಂಖ್ಯೆ: ದೇಶದ ಕ್ಲಿನಿಕಲ್ ಟ್ರಯಲ್‌ಗಳ ಸಾರ್ವಜನಿಕ ದಾಖಲೆಯಲ್ಲಿನ ನೋಂದಣಿ ಸಂಖ್ಯೆ. 2007ರಲ್ಲಿ ಶುರುವಾದ ಈ ದಾಖಲೆಯನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಹಣ ಕೊಟ್ಟವರು, ಸ್ಪಾನ್ಸರ್ ಯಾರು ಎಂಬುದು ಅಲ್ಲಿ ಸಿಗುತ್ತದೆ. ನೋಂದಣಿಯಾದ ಮಾತ್ರಕ್ಕೆ ಔಷಧಿ ಸಾಬೀತಾಯಿತು ಎಂದಲ್ಲ.

ಖರ್ಚು ಯಾರದು?

ಸಂಶೋಧನೆಗಾಗಿಯೇ ಮಾಡಿಸುವ ಹೆಚ್ಚುವರಿ ಪರೀಕ್ಷೆಗಳಿಗೆ ನಿಮ್ಮಿಂದ ಹಣ ಪಡೆಯಬಾರದು ಎನ್ನುತ್ತದೆ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ. ಆದರೆ ನಿಮ್ಮ ಕಾಯಿಲೆಗೆ ಹೇಗೂ ಬೇಕಾಗುವ ಚಿಕಿತ್ಸೆಗೆ ಆಸ್ಪತ್ರೆಯ ಬಿಲ್ ಬರಬಹುದು. ಯಾವುದು ಉಚಿತ, ಯಾವುದು ಅಲ್ಲ ಎಂದು ಮೊದಲೇ ಕೇಳಿಕೊಳ್ಳಿ. ಹೊಸ ಔಷಧಿಯ ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆಗೂ ಪರಿಹಾರಕ್ಕೂ 2019ರ ನಿಯಮಗಳಲ್ಲಿ ಅವಕಾಶವಿದೆ.

ಸಹಿಗೆ ಮೊದಲು

ಮಾಹಿತಿ ನಿಮಗೆ ಅರ್ಥವಾಗುವ ಭಾಷೆಯಲ್ಲೇ ಸಿಗಬೇಕು. ಚೆನ್ನೈಯಲ್ಲಿ ತಮಿಳು, ಮುಂಬೈಯಲ್ಲಿ ಮರಾಠಿ ಪತ್ರ ಕೊಟ್ಟು, ಅದು ನಿಮಗೆ ಓದಲು ಬಾರದಿದ್ದರೆ ‘ಕನ್ನಡದಲ್ಲಿ ಕೊಡಿ’ ಎಂದು ಸಂಕೋಚವಿಲ್ಲದೆ ಕೇಳಿ. ಮನೆಗೆ ಒಯ್ದು ಓದಿ, ಮನೆಯವರೊಂದಿಗೆ ಮಾತಾಡಿ. ಸಹಿ ಹಾಕಿದರೆ ಒಂದು ಪ್ರತಿ ಇಟ್ಟುಕೊಳ್ಳಿ.

ಸರ್ಕಾರದ ಹಣದ್ದಾದರೂ ಸೇರಲೇಬೇಕೆಂಬ ಕಡ್ಡಾಯವಿಲ್ಲ. ಬೇಡ ಎಂದರೂ, ನಡುವೆ ಬಿಟ್ಟರೂ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಬಾರದು. ಆದರೆ ಬಿಡುವಾಗ ವೈದ್ಯರಿಗೆ ತಿಳಿಸಿ. ಕೆಲವು ಔಷಧಿಗಳನ್ನು ದಿಢೀರನೆ ನಿಲ್ಲಿಸುವುದು ಅಪಾಯ.