ಸವೆಸಿ ಪಡೆಯುವ ಹೊಳಪು

ಕಪ್ಪು ಕಾರೊಂದು ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ನಿಂತಿದ್ದರೆ ಅದರ ಬಾನೆಟ್ ಮೇಲೆ ಸೂರ್ಯನ ಪ್ರತಿಬಿಂಬ ಬಿದ್ದ ಜಾಗವನ್ನು ಒಮ್ಮೆ ಗಮನಿಸಬೇಕು. ಆ ಬೆಳಕಿನ ಚುಕ್ಕೆಯ ಸುತ್ತ ಕೂದಲೆಳೆಯಂಥ ಸಾವಿರಾರು ಗೀರುಗಳು ವೃತ್ತವೃತ್ತವಾಗಿ ಹರಡಿರುತ್ತವೆ. ನೋಡುವವರು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಆ ವೃತ್ತವೂ ಅವರೊಂದಿಗೇ ಸರಿಯುತ್ತದೆ. ಅಸಲಿಗೆ ಯಾವ ಗೀರೂ ವೃತ್ತಾಕಾರದಲ್ಲಿಲ್ಲ. ಅಡ್ಡಾದಿಡ್ಡಿ ಬಿದ್ದ ಗೀರುಗಳ ಪೈಕಿ ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿಂಚುವುದರಿಂದ ಕಣ್ಣಿಗೆ ಹಾಗೆ ತೋರುತ್ತದೆ. ಕಾರು ಡೀಟೇಲಿಂಗ್, ಅಂದರೆ ಕಾರಿನ ಮೈಯನ್ನು ಸೂಕ್ಷ್ಮವಾಗಿ ಶುಚಿಮಾಡಿ ಹೊಳಪಿಸುವ ಕೆಲಸ, ಮಾಡುವವರು ಇದನ್ನು ‘ಸ್ವರ್ಲ್’ ಎನ್ನುತ್ತಾರೆ. ಪ್ರದರ್ಶನಕ್ಕೆ ಇಡುವ ಕಾರಿನಲ್ಲಿ ಇದು ಒಂದೂ ಇರಕೂಡದು.

ಗೀರುಗಳು ಬರುವುದು ಅಲಕ್ಷ್ಯದಿಂದಲ್ಲ, ಬಹುಪಾಲು ಅಕ್ಕರೆಯಿಂದ. ಬೆಳಿಗ್ಗೆ ಎದ್ದ ಕೂಡಲೇ ದೂಳು ಕೂತ ಕಾರನ್ನು ಒಣಬಟ್ಟೆಯಲ್ಲಿ ಒರೆಸುವ ಮಾಲೀಕರು, ಒಂದೇ ಬಕೆಟ್ ನೀರಿನಲ್ಲಿ, ಒಂದೇ ಬನಿಯನ್ ಬಟ್ಟೆಯಲ್ಲಿ ಅಪಾರ್ಟ್‌ಮೆಂಟಿನ ಹತ್ತಾರು ಕಾರು ತೊಳೆಯುವ ಹುಡುಗರು, ಎಲ್ಲರೂ ಬಟ್ಟೆಗಂಟಿದ ಮರಳಿನ ಕಣಗಳಿಂದ ಬಣ್ಣವನ್ನು ದಿನವೂ ಉಜ್ಜುತ್ತಿರುತ್ತಾರೆ. ಬಿಳಿ ಮತ್ತು ಬೆಳ್ಳಿ ಬಣ್ಣದ ಕಾರುಗಳಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಕಪ್ಪು ತನ್ನ ಮೇಲೆ ಬಿದ್ದ ಬೆಳಕನ್ನು ಹೆಚ್ಚುಕಡಿಮೆ ನುಂಗಿಬಿಡುವುದರಿಂದ, ಗೀರಿನ ಅಂಚಿನಿಂದ ಚೆದುರಿದ ಚೂರು ಬೆಳಕೂ ಅಲ್ಲಿ ಎದ್ದು ಕಾಣುತ್ತದೆ. ಪಾಲಿಶ್ ಕೆಲಸದವರ ಕೈಚಳಕ ತಿಳಿಯಬೇಕೆಂದರೆ ಅವರು ಮಾಡಿಕೊಟ್ಟ ಕಪ್ಪು ಕಾರನ್ನೇ ನೋಡಬೇಕು.

ಈ ಕೆಲಸ ನಡೆಯುವ ಜಾಗ ಎಷ್ಟು ತೆಳು ಎಂಬುದು ಗೊತ್ತಾದರೆ ಅದರ ಕಷ್ಟವೂ ತಿಳಿಯುತ್ತದೆ. ಇಂದಿನ ಕಾರಿನ ಬಣ್ಣದ ಪದರಗಳೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ತುಕ್ಕು ಹಿಡಿಯದಂತೆ ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಅದ್ದಿ ವಿದ್ಯುತ್ ಹಾಯಿಸಿ ಹಿಡಿಸಿದ ಪದರ ಎಲ್ಲಕ್ಕಿಂತ ಕೆಳಗಿರುತ್ತದೆ. ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ ಕೊಡುವ ಬೇಸ್ ಕೋಟ್, ಕೊನೆಗೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ನಾವು ಹೊಳಪು ಎನ್ನುವುದೆಲ್ಲ ಈ ಕೊನೆಯ 35–50 ಮೈಕ್ರಾನಿನ ಸಂಗತಿ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಇದೇ ಪದರ. ಹಳೆಯ ಕಾರುಗಳ ಟಾಪಿನ ಮೇಲೆ ಬಿಳಿಚಿಕೊಂಡು ಸಿಪ್ಪೆ ಏಳುವ ತೇಪೆಗಳು ಕಂಡರೆ, ಅಲ್ಲಿ ಸತ್ತಿರುವುದು ಕ್ಲಿಯರ್ ಕೋಟ್.

ಪಾಲಿಶ್ ಎಂದರೆ ಮೇಲೆ ಏನನ್ನೋ ಬಳಿಯುವುದು ಎಂದು ಜನ ತಿಳಿಯುತ್ತಾರೆ. ಆದರೆ ಗೀರು ಎಂಬ ತಗ್ಗನ್ನು ತುಂಬಲು ಬರುವುದಿಲ್ಲ. ಅದರ ಅಕ್ಕಪಕ್ಕದ ಎತ್ತರವನ್ನೇ ತಗ್ಗಿನ ತಳದ ಮಟ್ಟಕ್ಕೆ ಸವೆಸಿ ತರಬೇಕು. ಪ್ರತಿ ಸಲದ ಪಾಲಿಶ್ ಕ್ಲಿಯರ್ ಕೋಟಿನಿಂದ ಒಂದಷ್ಟನ್ನು ಹೊತ್ತೊಯ್ಯುತ್ತದೆ. ಹೋದದ್ದು ಮರಳಿ ಬರುವುದಿಲ್ಲ. ಕ್ಲಿಯರ್ ಕೋಟ್ ಒಂದು ಇಡುಗಂಟು, ಅದಕ್ಕೆ ಬಡ್ಡಿ ಹುಟ್ಟುವುದಿಲ್ಲ. ಆದ್ದರಿಂದಲೇ ಈ ಕಸುಬಿನಲ್ಲಿ ನುರಿತವರು ಮಷೀನು ಮುಟ್ಟುವ ಮೊದಲು ಅಳತೆ ಮಾಡುತ್ತಾರೆ. ಉಗುರಿಗೆ ಸಿಗುವಷ್ಟು ಆಳದ ಗೀರು ಕಂಡರೆ ಅದನ್ನು ಹಾಗೇ ಬಿಡುವುದು ಮೇಲು ಎನ್ನುತ್ತಾರೆ.

ಅಳೆಯುವುದಕ್ಕೆ ಅಂಗೈಯಗಲದ ಮೀಟರೊಂದು ಸಾಕು. ಕಬ್ಬಿಣದ ಬಾಡಿಯಾದರೆ ಕಾಂತದ ಪ್ರಭಾವದಿಂದ, ಅಲ್ಯೂಮಿನಿಯಂ ಆದರೆ ಸುಳಿವಿದ್ಯುತ್ತಿನಿಂದ ಅದು ಬಣ್ಣದ ದಪ್ಪ ಹೇಳುತ್ತದೆ. ಪ್ಲಾಸ್ಟಿಕ್ ಬಂಪರಿನ ಮೇಲೆ ಅದರ ಆಟ ನಡೆಯದು. ಬಾನೆಟ್ಟು, ಟಾಪು ಎಲ್ಲ 110–120 ತೋರಿಸಿ ಎಡಬಾಗಿಲು ಮಾತ್ರ 250 ತೋರಿಸಿದರೆ ಆ ಬಾಗಿಲು ಎಲ್ಲೋ ಟಿಂಕರಿಂಗ್ ಗ್ಯಾರೇಜಿಗೆ ಹೋಗಿ ಬಂದಿದೆ ಎಂದರ್ಥ. ‘ಒಂದೇ ಒಂದು ಗೀರೂ ಬಿದ್ದಿಲ್ಲ ಸಾರ್’ ಎಂದು ಸೆಕೆಂಡ್ ಹ್ಯಾಂಡ್ ಕಾರು ಮಾರುವವರಿಗೆ ಈ ಮೀಟರು ಅಷ್ಟಾಗಿ ಇಷ್ಟವಾಗುವುದಿಲ್ಲ.

ಇನ್ನು ಕೆಲಸ. ಮೊದಲು ತೊಳೆಯುವುದು, ಅದೂ ಎರಡು ಬಕೆಟ್ ಇಟ್ಟುಕೊಂಡು: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಗ್ಲೌಸನ್ನು ಜಾಲಿಸಿಕೊಳ್ಳಲು ಬರಿಯ ನೀರು. ತೊಳೆದು ಒಣಗಿಸಿದ ಬಾನೆಟ್ ಕಣ್ಣಿಗೆ ಸ್ವಚ್ಛವಾಗಿ ಕಾಣುತ್ತದೆ. ಆಗ ತೆಳು ಪ್ಲಾಸ್ಟಿಕ್ ಕವರೊಳಗೆ ಕೈ ತೂರಿಸಿ ಬೆರಳತುದಿಯಿಂದ ಮೆಲ್ಲಗೆ ಸವರಿದರೆ ಸಣ್ಣ ರವೆ ಹರಡಿದ ಹಾಗೆ ಜರಜರ ಎನ್ನುತ್ತದೆ. ಬರಿಗೈಗೆ ತಿಳಿಯದ ಒರಟುತನ ಕವರಿನ ಮೂಲಕ ತಿಳಿಯುವುದು ಮೊದಲ ಸಲ ಮಾಡಿದವರಿಗೆಲ್ಲ ಸೋಜಿಗ. ಬ್ರೇಕ್ ಪ್ಯಾಡಿನಿಂದ ಹಾರಿದ ಕಬ್ಬಿಣದ ಕಣ, ಡಾಂಬರಿನ ಚುಕ್ಕೆ, ಮರದ ಅಂಟು, ಬೋರ್‌ವೆಲ್ ನೀರು ಆರಿ ಉಳಿಸಿಹೋದ ಸುಣ್ಣದ ಕಲೆ, ಎಲ್ಲವೂ ಕ್ಲಿಯರ್ ಕೋಟಿಗೆ ಕಚ್ಚಿಕೊಂಡಿರುತ್ತವೆ. ಸುಣ್ಣದ ಕಲೆಗೆ ಬೇರೆ ಮದ್ದು ಬೇಕು. ಉಳಿದವನ್ನು ಜಾರುನೀರು ಚಿಮುಕಿಸುತ್ತ ‘ಕ್ಲೇ’ ಎಂಬ ಮೆತ್ತನೆಯ ಜಿಗುಟು ಉಂಡೆಯಿಂದ ಎಳೆದು ತೆಗೆಯುತ್ತಾರೆ. ಉಂಡೆ ನೆಲಕ್ಕೆ ಬಿದ್ದರೆ ಅದನ್ನು ಎತ್ತಿ ಮತ್ತೆ ಬಳಸುವಂತಿಲ್ಲ, ನೇರ ಕಸದಬುಟ್ಟಿಗೆ.

ಕಾರ್ಖಾನೆಯಲ್ಲಿ ಸಿಂಪಡಿಸಿದ ಬಣ್ಣದ ಮೇಲ್ಮೈ ಗಾಜಿನಂತೆ ಸಮವಾಗಿರುವುದಿಲ್ಲ, ಕಿತ್ತಳೆ ಸಿಪ್ಪೆಯ ಹಾಗೆ ನವಿರಾದ ಉಬ್ಬುತಗ್ಗು ಇರುತ್ತದೆ. ಟ್ಯೂಬ್‌ಲೈಟಿನ ಪ್ರತಿಬಿಂಬದ ಅಂಚು ಬಾಗಿಲ ಮೇಲೆ ನೇರವಾಗಿ ಕಾಣುತ್ತದೋ ನಡುಗಿದಂತೆ ಕಾಣುತ್ತದೋ ಎಂದು ನೋಡಿದರೆ ಇದು ತಿಳಿಯುತ್ತದೆ. ಹೊಳಪನ್ನು ಅಳೆಯುವ ಯಂತ್ರವೂ ಉಂಟು. ನುಣುಪಾದ ಕಪ್ಪು ಗಾಜಿನ ಹೊಳಪನ್ನು 100 ಎಂದಿಟ್ಟುಕೊಂಡು ಅದು ಲೆಕ್ಕ ಹೇಳುತ್ತದೆ. ಯಂತ್ರ ಒಳ್ಳೆಯ ಅಂಕ ಕೊಟ್ಟ ಬಾಗಿಲಲ್ಲೂ ಪ್ರತಿಬಿಂಬ ನಡುಗುವುದುಂಟು. ಪ್ರದರ್ಶನದ ಕಾರಿಗೆ ಈ ಸಿಪ್ಪೆಯನ್ನೂ ತೆಗೆಯಬೇಕಾಗುತ್ತದೆ. 1500, 2000, 3000 ನಂಬರಿನ ವಾಟರ್ ಪೇಪರನ್ನು ಒಂದಾದ ಮೇಲೊಂದರಂತೆ, ನೀರು ಹಾಕುತ್ತ ಉಜ್ಜುತ್ತಾರೆ. ಆ ಹಂತದಲ್ಲಿ ಕಾರು ಮಂಕು ಹಿಡಿದು ಹಲಗೆಯ ಹಾಗಾಗಿರುತ್ತದೆ. ಮಾಲೀಕರು ಅಲ್ಲಿಗೆ ಬರದಿರುವುದೇ ಒಳ್ಳೆಯದು. ಹೊಸದಾಗಿ ದಪ್ಪಗೆ ಕ್ಲಿಯರ್ ಹೊಡೆಸಿದ ಕಾರಿಗೆ ಇದು ಸರಿ. ಕಾರ್ಖಾನೆಯ ತೆಳು ಬಣ್ಣದ ಮೇಲೆ ಈ ಸಾಹಸಕ್ಕೆ ಇಳಿಯುವವರು ಇಡುಗಂಟಿನ ದೊಡ್ಡ ಪಾಲನ್ನು ಒಂದೇ ದಿನ ಕರಗಿಸಿಬಿಡುತ್ತಾರೆ.

ಆಮೇಲೆ ಮಷೀನು. ಎರಡಡಿ ಚದರದಷ್ಟು ಜಾಗ ಹಿಡಿದು, ಪ್ಯಾಡಿಗೆ ಬಟಾಣಿ ಗಾತ್ರದ ನಾಲ್ಕಾರು ಹನಿ ಕಾಂಪೌಂಡ್ ಇಟ್ಟು, ಮೊದಲು ನಿಧಾನಕ್ಕೆ ಹರಡಿ, ವೇಗ ಏರಿಸಿ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಓಡಿಸುತ್ತಾರೆ. ಕಾಂಪೌಂಡಿನಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಅಲ್ಯೂಮಿನಿಯಂ ಆಕ್ಸೈಡಿನ ಅತಿ ಸಣ್ಣ ಹರಳುಗಳು. ಒಂದೇ ಅಕ್ಷದ ಮೇಲೆ ಗಿರಗಿರ ತಿರುಗುವ ರೋಟರಿ ಮಷೀನು ಬೇಗ ಸವೆಸುತ್ತದೆ, ಬೇಗ ಕೆಡಿಸುತ್ತದೆ. ಅಳತೆ ತಪ್ಪಿದರೆ ಬಿಸಿಲಿನಲ್ಲಿ ಹೊಳೆದಾಡುವ ‘ಹೋಲೋಗ್ರಾಂ’ ಗುರುತುಗಳನ್ನು ಬಿಟ್ಟುಹೋಗುತ್ತದೆ. ತಿರುಗುತ್ತಲೇ ಓಲಾಡುವ ಡ್ಯುಯಲ್ ಆ್ಯಕ್ಷನ್ ಮಷೀನು ನಿಧಾನ, ಆದರೆ ಸಾಧು. ಬಾಡಿಯ ಮಡಿಕೆ ಮತ್ತು ಅಂಚುಗಳಲ್ಲಿ ಬಣ್ಣ ತೆಳುವಾಗಿದ್ದು ಒತ್ತಡವೆಲ್ಲ ಅಲ್ಲೇ ಬೀಳುವುದರಿಂದ ಅಲ್ಲಿಗೆ ಟೇಪ್ ಅಂಟಿಸುತ್ತಾರೆ. ಒಂದು ಜಾಗ ಮುಗಿದ ಮೇಲೆ ಮೈಕ್ರೊಫೈಬರ್ ಬಟ್ಟೆಯಲ್ಲಿ ಒರೆಸಿ, ಸ್ಪಿರಿಟ್ ಬೆರೆಸಿದ ನೀರಿನಿಂದ ಇನ್ನೊಮ್ಮೆ ಒರೆಸುತ್ತಾರೆ. ಪಾಲಿಶಿನ ಎಣ್ಣೆಯಂಶ ಗೀರುಗಳೊಳಗೆ ಇಳಿದು ಅವನ್ನು ಮರೆಮಾಡಿರುತ್ತದೆ. ಅದು ಹೋದರೇನೇ ನಿಜಸ್ಥಿತಿ ಕಾಣುವುದು. ಅವಸರದ ಅಂಗಡಿಗಳು ಈ ಕೊನೆಯ ಒರೆಸನ್ನು ಬಿಟ್ಟುಬಿಡುತ್ತವೆ. ಡೆಲಿವರಿ ದಿನ ಫಳಫಳ ಹೊಳೆದ ಕಾರು ಎರಡು ತೊಳೆತಕ್ಕೆ ಮೊದಲಿನಂತಾಗುವ ಗುಟ್ಟು ಇಲ್ಲಿದೆ.

ಈ ಸವೆಸುವ ವಿದ್ಯೆ ಕಾರಿಗಿಂತ ಹಳೆಯದು. ಕುದುರೆ ಗಾಡಿಗಳಿಗೆ ವಾರಗಟ್ಟಲೆ ಪದರದ ಮೇಲೆ ಪದರ ವಾರ್ನಿಷ್ ಬಳಿದು, ನಡುನಡುವೆ ಪ್ಯೂಮಿಸ್ ಕಲ್ಲಿನ ಪುಡಿಯಿಂದ ಉಜ್ಜುತ್ತಿದ್ದರು. ಮೊದಮೊದಲ ಕಾರುಗಳಿಗೂ ಅದೇ ಉಪಚಾರ. 1914ರಿಂದ 1925ರವರೆಗೆ ಫೋರ್ಡ್ ಕಂಪನಿಯ ಮಾಡೆಲ್ ಟಿ ಸಿಗುತ್ತಿದ್ದುದು ಕಪ್ಪು ಬಣ್ಣದಲ್ಲಿ ಮಾತ್ರ. ಚಿತ್ರ ಬದಲಾದದ್ದು ಡ್ಯುಪಾಂಟ್ ಕಂಪನಿ ತಯಾರಿಸಿದ, ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಲ್ಯಾಕರಿನಿಂದ. ಅದರ ಹೆಸರು ಡ್ಯೂಕೋ. 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳು ಅದರ ನೀಲಿ ಬಣ್ಣ ಹೊತ್ತು ಬಂದವು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಆದರೆ ಡ್ಯೂಕೋ ಒಣಗಿದಾಗ ಮಂಕಾಗಿರುತ್ತಿತ್ತು, ಉಜ್ಜಿಯೇ ಹೊಳಪು ತರಬೇಕಿತ್ತು. ನಮ್ಮ ಬಡಗಿಗಳು ಬೀರುವಿಗೆ ಇಂದಿಗೂ ‘ಡ್ಯೂಕೋ ಹೊಡೆಸೋಣ’ ಎನ್ನುತ್ತಾರಲ್ಲ, ಅದು ಕಾರಿನಿಂದ ಇಳಿದು ಬಂದ ಮಾತು. ಅದೇ ಹೊತ್ತಿಗೆ, 1921ರಲ್ಲಿ, 3ಎಂ ಕಂಪನಿ ನೀರಿನಲ್ಲಿ ಕೆಡದ ಉಜ್ಜುಕಾಗದವನ್ನು ಮಾರುಕಟ್ಟೆಗೆ ತಂದಿತ್ತು; ಒಣ ಉಜ್ಜಾಟದ ವಿಷದೂಳಿನಿಂದ ಪೇಂಟರುಗಳಿಗೆ ಬಿಡುಗಡೆ ಸಿಕ್ಕಿತು. 1925ರಲ್ಲಿ ಅದೇ ಕಂಪನಿಯ ರಿಚರ್ಡ್ ಡ್ರೂ, ಎರಡು ಬಣ್ಣದ ಕಾರುಗಳಿಗೆ ಪೇಂಟ್ ಹೊಡೆಯುವವರ ಪಾಡು ನೋಡಿ ಮಾಸ್ಕಿಂಗ್ ಟೇಪ್ ಮಾಡಿಕೊಟ್ಟರು. ಇಂದು ಕಾರು ಪಾಲಿಶಿಗೆ ಜಗತ್ತಿನಾದ್ಯಂತ ಹೆಸರಾದ ಮೆಗ್ವಾಯರ್ಸ್ 1901ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಶುರುವಾದದ್ದು ಪೀಠೋಪಕರಣದ ಪಾಲಿಶ್ ಆಗಿ. 2008ರಲ್ಲಿ ಅದನ್ನೂ 3ಎಂ ಕೊಂಡುಕೊಂಡಿತು.

ಪಾಲಿಶ್ ಮುಗಿದ ಮೇಲೆ ಹಚ್ಚುವ ಮೇಣದ್ದು ಬೇರೆ ಕಥೆ. ಈಶಾನ್ಯ ಬ್ರೆಜಿಲ್ಲಿನಲ್ಲಿ ಬೆಳೆಯುವ ಕಾರ್ನೌಬಾ ಎಂಬ ತಾಳೆಜಾತಿಯ ಮರ ಒಣಹವೆಯಲ್ಲಿ ನೀರು ಆರದಂತೆ ಎಲೆಗೆ ತಾನೇ ಮೇಣ ಲೇಪಿಸಿಕೊಳ್ಳುತ್ತದೆ. ಎಲೆ ಕೊಯ್ದು ಒಣಗಿಸಿ ಬಡಿದರೆ ಅದು ಉದುರುತ್ತದೆ. 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಕರಗುವ ಗಟ್ಟಿ ಮೇಣ ಅದು. ಕಪ್ಪು, ಕೆಂಪು ಕಾರುಗಳಿಗೆ ಅದು ಕೊಡುವ ಆಳ ಬೇರೆ ಯಾವುದರಿಂದಲೂ ಬರದು ಎಂದು ಹಳಬರು ಇಂದಿಗೂ ಹಟ ಹಿಡಿಯುತ್ತಾರೆ. ಕೆಲವು ವಾರಗಳಲ್ಲಿ ಅದು ಇಳಿದುಹೋಗುತ್ತದೆ ಎಂಬುದನ್ನು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ.

ಈ ಹೊಳಪಿನ ಹುಚ್ಚಿಗೆ ದೊಡ್ಡ ಜಾತ್ರೆ ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನದು. 1950ರಲ್ಲಿ ಕಾರು ರೇಸಿನ ಜೊತೆಗೆ ಆರಂಭವಾದ ಈ ಸೌಂದರ್ಯ ಸ್ಪರ್ಧೆಯಲ್ಲಿ ಮೊದಲು ಹೊಸ ಕಾರುಗಳೇ ಗೆಲ್ಲುತ್ತಿದ್ದವು. 1955ರಲ್ಲಿ ಫಿಲ್ ಹಿಲ್ 1931ರ ಪಿಯರ್ಸ್-ಆ್ಯರೋ ತಂದು ಮೊದಲ ಬಹುಮಾನ ಹೊಡೆದರು. ಮುಂದೆ 1961ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದವರು ಇವರೇ. ಅಲ್ಲಿಂದಾಚೆಗೆ ಹಳೆಯ ಕಾರುಗಳ ಕಾಲ ಬಂತು. ಕಾರ್ಖಾನೆಯಿಂದ ಬಂದ ದಿನವೂ ಕಾರಿಗೆ ಇಲ್ಲದಿದ್ದ ಹೊಳಪನ್ನು ಕೊಡುವ ಪೈಪೋಟಿಯೂ ಬಂತು. ಅದು ಅತಿಯಾಯಿತೆಂದು ಅನ್ನಿಸಿಯೋ ಏನೋ, ಈ ಶತಮಾನದ ಆರಂಭದಲ್ಲಿ ಮೂಲ ಬಣ್ಣ, ಮೂಲ ಚರ್ಮ ಉಳಿಸಿಕೊಂಡ ಕಾರುಗಳಿಗೇ ಅಲ್ಲಿ ಬೇರೆ ವಿಭಾಗ ಮಾಡಿದರು. ಅಲ್ಲಿ ಮಾಸಿದ ಬಣ್ಣಕ್ಕೆ ಮರ್ಯಾದೆ. ಇಂಥ ಕಾರಿಗೆ ಪಾಲಿಶ್ ಮಾಡುವವರು ಹೊಳಪು ತರುವುದಕ್ಕಿಂತ ಇರುವ ಬಣ್ಣವನ್ನು ಕಳೆಯದಿರುವುದಕ್ಕೆ ಹೆಚ್ಚು ಬೆವರು ಹರಿಸಬೇಕು.

ಸಿಯಾಟಲ್‌ನ ಮ್ಯೂಸಿಯಂ ಆಫ್ ಫ್ಲೈಟ್‌ನಲ್ಲಿ ಇದರದೇ ದೊಡ್ಡ ಆವೃತ್ತಿ ನಡೆಯುತ್ತದೆ. 1959ರಲ್ಲಿ ಸೇವೆಗೆ ಬಂದ, ಅಮೆರಿಕದ ಅಧ್ಯಕ್ಷರ ಮೊದಲ ಜೆಟ್ ವಿಮಾನ ವರ್ಷಾನುಗಟ್ಟಲೆ ಬಯಲಿನಲ್ಲಿ ಮಳೆಗೆ ನೆನೆಯುತ್ತ ನಿಂತಿತ್ತು. ರೆನಿ ಡಾಯ್ಲ್ ಎಂಬ ಡೀಟೇಲರ್ 2003ರಿಂದ ತಮ್ಮ ತಂಡ ಕಟ್ಟಿಕೊಂಡು ಅದನ್ನು ಉಜ್ಜಿ ಕಾಪಾಡುತ್ತ ಬಂದಿದ್ದಾರೆ. ಕಾರಿನ ಬಾನೆಟ್ಟಿಗೆ ಹಿಡಿಯುವಂಥ ಮಷೀನುಗಳನ್ನೇ ಹಿಡಿದು ವಿಮಾನದ ಮೈಯುದ್ದಕ್ಕೂ ಏರಿಳಿಯುವ ಕೆಲಸ ಅದು. 2016ರಲ್ಲಿ ವಿಮಾನಕ್ಕೆ ಸೂರು ಸಿಕ್ಕಿತು.

ಭಾರತದಲ್ಲಿ ಹಳೆಯ ಕಾರುಗಳ ಮೆರವಣಿಗೆಗೆ ದೀರ್ಘ ಪರಂಪರೆಯಿದೆ. ದೆಹಲಿಯ ಸ್ಟೇಟ್ಸ್‌ಮನ್ ರ್‍ಯಾಲಿ 1964ರಿಂದ ನಡೆದುಬಂದಿದೆ. 2008ರಲ್ಲಿ ಮುಂಬೈಯಲ್ಲಿ ಕಾರ್ಟಿಯೇ ಸಂಸ್ಥೆ ಇಂಥ ಕಾರುಗಳ ಸೌಂದರ್ಯ ಸ್ಪರ್ಧೆ ಏರ್ಪಡಿಸಿತು. ನಮ್ಮಲ್ಲಿ ಹಳೆಯ ಕಾರುಗಳನ್ನು ಹತ್ತಿರದಿಂದ ನೋಡಬೇಕೆಂದರೆ ಧರ್ಮಸ್ಥಳದ ಕಾರು ಸಂಗ್ರಹಾಲಯವಿದೆ. ಗಾಜಿನೊಳಗೆ ನೋಡಿದಂಥ ಆಳದ ಹೊಳಪಿಗೂ ಹಳೆಯ ಬಣ್ಣದ ಮೆದು ಮಿರುಗಿಗೂ ಇರುವ ಅಂತರ ಅಂಥ ಕಡೆ ಅಕ್ಕಪಕ್ಕದಲ್ಲೇ ಸಿಗುತ್ತದೆ.

ಇಂದಿನ ಅಂಗಡಿಗಳಲ್ಲಿ ಎಲ್ಲರ ಬಾಯಲ್ಲೂ ಸೆರಾಮಿಕ್ ಕೋಟಿಂಗ್. ಸಿಲಿಕಾ ಮೂಲದ ಈ ದ್ರಾವಣ ಒಣಗಿ ಒಂದೆರಡು ಮೈಕ್ರಾನಿನ ಗಟ್ಟಿ ಪೊರೆಯಾಗುತ್ತದೆ, ನೀರು ಮಣಿಮಣಿಯಾಗಿ ಜಾರುತ್ತದೆ, ತೊಳೆಯುವುದು ಸಲೀಸು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸುವ ‘9ಎಚ್’ ಮಾತ್ರ ವಜ್ರದ ನೆಂಟನಲ್ಲ. ಪೆನ್ಸಿಲಿನ ಮೊನೆಯಿಂದ ಗೀಚಿ ನೋಡುವ ಪರೀಕ್ಷೆಯ ಅಂಕ ಅದು. 9ಎಚ್ ಎಂದರೆ ಅಷ್ಟು ಗಡಸು ಪೆನ್ಸಿಲಿಗೂ ಗೀರು ಬೀಳಲಿಲ್ಲ ಎಂದಷ್ಟೇ. ಮರಳು ಪೆನ್ಸಿಲಿಗಿಂತ ಬಹಳ ಗಟ್ಟಿ. ಕಲ್ಲೇಟಿನಿಂದ ಕಾಯಬೇಕೆಂದರೆ 150ರಿಂದ 200 ಮೈಕ್ರಾನ್ ದಪ್ಪದ ಪಾರದರ್ಶಕ ಪಾಲಿಯುರೆಥೇನ್ ಹಾಳೆ ಅಂಟಿಸಬೇಕು, ಅದರ ಖರ್ಚು ಕೋಟಿಂಗಿನ ಹಲವು ಪಟ್ಟು. ಎರಡಕ್ಕೂ ಒಂದು ನಿಯಮ: ಕೆಳಗೆ ಗೀರು ಉಳಿದಿದ್ದರೆ ಅದನ್ನು ಮುಚ್ಚಿ ಭದ್ರ ಮಾಡಿದ ಹಾಗೆ. ಒಳ್ಳೆಯ ಅಂಗಡಿಯವರು ಕೋಟಿಂಗ್ ಹಚ್ಚುವುದಕ್ಕಿಂತ ಅದಕ್ಕೆ ಮೊದಲಿನ ಪಾಲಿಶಿಗೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ತಗೊಂಡುಹೋಗಿ ಎನ್ನುವವರ ಬಗ್ಗೆ ಎಚ್ಚರದಿಂದಿರುವುದು ಕ್ಷೇಮ.

ಕರ್ನಾಟಕದ ಡೀಟೇಲರುಗಳಿಗೆ ಪೆಬಲ್ ಬೀಚಿನವರು ಕಾಣದ ಒಂದು ಪರೀಕ್ಷೆ ವರ್ಷಕ್ಕೊಮ್ಮೆ ಬರುತ್ತದೆ. ಆಯುಧಪೂಜೆ. ವಾಟರ್ ಸರ್ವೀಸ್ ಮುಂದೆ ಬೆಳಗಿನಿಂದಲೇ ಸಾಲು, ಆಮೇಲೆ ಬಾನೆಟ್ ಮೇಲೆ ಮೂರು ಬೆರಳಿನ ವಿಭೂತಿ, ನೀರಲ್ಲಿ ಕಲಸಿದ ಕುಂಕುಮ, ಬಂಪರಿಗೆ ಬಾಳೆಕಂದು, ಉದ್ದಕ್ಕೂ ಚೆಂಡುಹೂವಿನ ಮಾಲೆ. ಕುಂಕುಮ ಒಣಗಲು ಬಿಟ್ಟರೆ ಬಿಳಿ ಕಾರಿನ ಮೇಲೆ ಕಲೆ ಉಳಿಯುವುದುಂಟು. ಮಾಲೆಯದು ಇನ್ನೂ ಕಷ್ಟ, ಓಡುವ ಕಾರಿನಲ್ಲಿ ಅದರ ದಾರ ಗಾಳಿಗೆ ಅತ್ತಿತ್ತ ಆಡಿ ದೂಳಿನ ಸಮೇತ ಬಾನೆಟ್ಟನ್ನು ಉಜ್ಜುತ್ತದೆ. ಪೂಜೆ ಬೇಡ ಎಂದು ಯಾವ ಡೀಟೇಲರೂ ಹೇಳುವುದಿಲ್ಲ, ಅವರ ಮಷೀನಿಗೂ ಅಂದು ಕುಂಕುಮವೇ. ಅರಿಶಿನ ಕುಂಕುಮವನ್ನು ಮುಂದಿನ ಗಾಜಿಗೆ, ನಂಬರ್ ಪ್ಲೇಟಿಗೆ ಇಡಿ, ಸಂಜೆಯೊಳಗೆ ನೀರು ಹಾಕಿ ತೊಳೆಯಿರಿ ಎನ್ನುತ್ತಾರೆ. ಮಾಲೆಯನ್ನು ಗಾಡಿ ಹೊರಡಿಸುವ ಮುಂಚೆ ಬಿಚ್ಚಿಡಿ ಎಂಬುದನ್ನು ಮಾತ್ರ ಎರಡು ಸಲ ಹೇಳಿ ಕಳಿಸುತ್ತಾರೆ.